ಇಪ್ಪತ್ತಮೂರು ಮನೆಗಳ ಒಂದು ನಂಬರು

ಈ ಕಥೆಯನ್ನು ಮೊದಲು ಹೇಳಿದವಳು ಕಾರೆಪಾಳ್ಯದ ಪಟಾಲಮ್ಮ; ಹೇಳಿದ್ದು ಹೋದ ವರ್ಷ ಮಾಘ ಮಾಸದ ಒಂದು ಸಂಜೆ, ಹಾಲಿನ ಡೈರಿಯ ಕಟ್ಟೆಯ ಮೇಲೆ. ಕ್ಯಾನು ಒಯ್ಯುವ ಗಾಡಿ ಮಿಡಿಗೇಶಿಯಲ್ಲಿ ಕೆಟ್ಟು ನಿಂತಿದೆಯೆಂದು ಸುದ್ದಿ ಬಂದು, ಹಾಲು ಹಾಕಿದವರೆಲ್ಲ ಕಾಯುತ್ತ ಕೂತಿದ್ದ ಹೊತ್ತದು. ಅದೇ ಕಥೆಯನ್ನು ಆ ಊರಲ್ಲಿ ಇನ್ನೂ ಮೂವರು ಹೇಳುತ್ತಾರೆ. ಒಬ್ಬನ ಪ್ರಕಾರ ಮನೆಗಳು ಮೂವತ್ತು. ಇನ್ನೊಬ್ಬನ ಪ್ರಕಾರ ಕೊನೆಯಲ್ಲಿ ಊರಿನ ಹಳೆಯ ಅಂಚೆಯವ ಅಡವಯ್ಯ ಗೊಳೋ ಎಂದು ಅತ್ತ. ಪಟಾಲಮ್ಮನ ಕಥೆಯಲ್ಲಿ ಮನೆಗಳು ಇಪ್ಪತ್ತಮೂರು, ಅಡವಯ್ಯ ಅಳುವುದಿಲ್ಲ. ಇಲ್ಲಿರುವುದು ಅವಳದು. ಅವನ ಎದೆಯೊಳಗಿನ ಮಾತು ನಿನಗೆ ಹೆಂಗೆ ಗೊತ್ತು ಎಂದು ಕೇಳುತ್ತ ಕೂತವರಲ್ಲಿ ಒಬ್ಬ ಕೆಣಕಿದಾಗ, "ಅವ್ನು ಬೀದಿನಾಗೆ ನಡ್ಯೋದ್ ನೋಡಿದ್ರೆ ಗೊತ್ತಾಗಲ್ವೇನ್ಲಾ, ಅದ್ಕೂ ಓಟಿಪಿ ಬೇಕಾ?" ಎಂದು ಅವನ ಬಾಯಿ ಮುಚ್ಚಿಸಿ ಮುಂದುವರಿದಳು.

ಅಂದು ಬೆಳಿಗ್ಗೆ ಅಡವಯ್ಯನಿಗೆ ಎಚ್ಚರವಾದದ್ದು ಫೋನು ಮೊಳಗದೆ ಇದ್ದುದರಿಂದ. ತಿಂಗಳ ಹತ್ತನೆಯ ತಾರೀಖು, ಸೊಸೈಟಿಯಲ್ಲಿ ಅಕ್ಕಿ ಕೊಡುವ ದಿನ. ಮೂರು ತಿಂಗಳ ಹಿಂದಾಗಿದ್ದರೆ ಏಳು ಗಂಟೆಗೆಲ್ಲ ಗೋಡೆಯ ಗೂಡಿನಲ್ಲಿ ಅದು ಒಂದೇ ಸಮನೆ ಟಣ್ ಟಣ್ ಎನ್ನುತ್ತ, ಮುಖ ತೊಳೆಯಲೂ ಬಿಡದೆ ಅವನನ್ನು ಬಾಗಿಲಿಗೆ ಎಳೆಯುತ್ತಿತ್ತು. ಈಗ ಇಷ್ಟಲಿಂಗದ ಕರಡಿಗೆಯ ಪಕ್ಕದಲ್ಲಿ ಕಪ್ಪಗೆ, ತಣ್ಣಗೆ, ಎಲ್ಲವನ್ನೂ ಕಂಡು ಬಾಯಿ ಬಿಡದೆ ಕೂತ ಸಾಕ್ಷಿಯಂತೆ ಬಿದ್ದಿತ್ತು. ಪೂಜೆಗೆ ಕೂತಾಗ ಕಣ್ಣು ಕರಡಿಗೆಯ ಮೇಲೆ ನಿಲ್ಲದೆ ಪಕ್ಕಕ್ಕೆ ಜಾರುತ್ತಿತ್ತು. ಅದನ್ನು ಬೇರೆ ಕಡೆ ಇಡಬಹುದಿತ್ತು. ಆದರೆ ಬೇರೆ ಕಡೆ ಇಟ್ಟರೆ ಸೊಸೆ ಲೋಹಿತಾ, ಯಾಕೆ ಮಾವ ಅಲ್ಲಿಂದ ತೆಗೆದಿರಿ ಎಂದು ಕೇಳಿಯಾಳು. ಮಿಡಿಗೇಶಿಯ ಒಂದು ಶಾಲೆಯಲ್ಲಿ ಪಾಠ ಹೇಳುವ ಆ ಹೆಣ್ಣುಮಗಳು ಏನನ್ನೂ ಜೋರಾಗಿ ಕೇಳುವುದಿಲ್ಲ. ಮೆಲ್ಲಗೆ ಕೇಳಿ, ಉತ್ತರ ಬರುವವರೆಗೆ ಕಣ್ಣು ತೆಗೆಯದೆ ನೋಡುತ್ತಾಳೆ. ಕಾಫಿಯ ಲೋಟ ಕೆಳಗಿಡುತ್ತ ಅವಳು ಈಗಲೂ ಹಾಗೆಯೇ ನೋಡಿದಳು.

"ಮಾವ, ಇವತ್ತು ಸ್ಕೂಲ್ ಹತ್ರ ನೀವು ಹೋಗ್ಲೇಬೇಕಾ? ಹೋಗ್ದೆ ಇದ್ರೇ ವಾಸಿ ಅಲ್ವಾ?"

"ಹೋಗ್ದೆ ಇದ್ರೆ ಕಳ್ಳ ಅನ್ನಲ್ವೇನಮ್ಮ?"

"ಹೋದ್ರೂ ಅಂತಾರೆ. ಅವತ್ತೇ ಹೇಳ್ದೆ ನಾನು, ಊರೋರ್ಗೆಲ್ಲ ನಂಬರ್ ಕೊಡ್ಬೇಡಿ ಅಂತ."

ಅವತ್ತು ಅವಳಿಗೆ ಅವನು ಕೊಟ್ಟ ಉತ್ತರ ಇಬ್ಬರಿಗೂ ನೆನಪಿತ್ತು. ನಿನ್ನೆ ಮೊನ್ನೆ ಈ ಮನೆಗೆ ಬಂದೋಳು ನೀನು, ಮೂವತ್ನಾಲ್ಕು ವರ್ಷ ಈ ಊರಿನ ಕಾಗದ ಹೊತ್ತೋನು ನಾನು ಎಂದಿದ್ದ. ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಫೋನನ್ನು ಜುಬ್ಬದ ಬಗಲ ಜೇಬಿಗಿಳಿಸಿ ಹೊರಟ. ಅಕ್ಕಿ ಕೊಡುವ ಇಲಾಖೆಯ ಅಧಿಕಾರಿ ಹತ್ತೂವರೆಗೆ ಊರ ಶಾಲೆಗೆ ಬರುವವರಿದ್ದರು. ಮೂರು ತಿಂಗಳಿಂದ ನಿಂತುಹೋದ ಇಪ್ಪತ್ತಮೂರು ಪಡಿತರ ಕಾರ್ಡುಗಳಿಗೆ ಮತ್ತೆ ಜೀವ ಬರುವುದೋ, ಶಾಶ್ವತವಾಗಿ ರದ್ದಾಗುವುದೋ ಈ ದಿನವೇ ತೀರ್ಮಾನ. ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆಂದು ಪಂಚಾಯಿತಿಯ ಬೋರ್ಡಿನಲ್ಲಿ ಅಂಟಿಸಿದ್ದರು.

ಬೀದಿ ಮೊದಲಿನಂತೆಯೇ ಇತ್ತು. ಅದೇ ಅವನಿಗೆ ಅಸಹ್ಯವೆನಿಸಿತು. ಎದುರಾದವರು "ಶರಣು ಅಯ್ನೋರೆ" ಎನ್ನುವುದನ್ನು ನಿಲ್ಲಿಸಿದ್ದರೂ ಅವನ ಬಲಗೈ ತಾನಾಗಿಯೇ ಎದೆಯವರೆಗೆ ಏಳುತ್ತಿತ್ತು, ಏನೂ ಕೇಳದಿದ್ದಾಗ ಮೀಸೆ ಒರೆಸಿಕೊಳ್ಳುವ ನೆಪ ಮಾಡಿ ಕೆಳಗಿಳಿಯುತ್ತಿತ್ತು. ಒಬ್ಬ ಹೆಂಗಸು ಪಾತ್ರೆ ತೊಳೆದ ನೀರನ್ನು ಅವನ ಪಾದಕ್ಕೆ ಗೇಣು ದೂರದಲ್ಲಿ ಎರಚಿ, ಅವನು ಅಲ್ಲಿಲ್ಲವೆಂಬಂತೆ ಒಳಗೆ ಹೋದಳು. ಬೇಕೆಂದೇ ಎರಚಿದಳೋ ಕಾಣದೆ ಎರಚಿದಳೋ ಎಂದು ತೂಗುತ್ತ ಅವನು ನಾಲ್ಕು ಮನೆ ದಾಟಿದ. ಬೇಕೆಂದೇ ಆಗಿದ್ದರೆ ಒಳ್ಳೆಯದಿತ್ತು, ಆಗ ತಾನು ಅವಳ ಕಣ್ಣಿಗೆ ಬಿದ್ದಂತಾದರೂ ಆಗುತ್ತಿತ್ತು. ಜಗುಲಿಯ ಮೇಲೆ ಬೇವಿನ ಕಡ್ಡಿ ಅಗಿಯುತ್ತ ಕೂತಿದ್ದ ಕೆಂಪಯ್ಯ ಮಾತ್ರ ಅವನನ್ನು ನೋಡಿ, ಉಗಿದು, ಬಾಯಿ ಬರಿದು ಮಾಡಿಕೊಂಡ.

"ಏನ್ ಅಯ್ನೋರೆ, ಆಪೀಸ್ರು ಬರೋಕ್ ಮುಂಚ್ಲೇ ಒಂಟ್ಬುಟ್ರಿ? ಒಳಗೊಳಗೇ ಮಾತಾಡ್ಕಣಾಕಾ?"

"ಇಲ್ಲ ಕೆಂಪಯ್ಯ. ಹತ್ತೂವರೆಗೆ ಅಂದಿದ್ರಲ್ಲ..."

"ನಿಮಗಂದಿದ್ರು. ನಮಗ್ಯಾರ್ ಅಂತಾರೆ? ಸರ್ಕಾರ ನಮಗೆ ಯೋಳೋದ್ನೆಲ್ಲ ನಿಮ್ ಜೇಬಿಗೇ ತಾನೆ ಯೋಳೋದು?"

"ಬುಡಿ ಅತ್ಲಾಗೆ," ಒಳಗಿನಿಂದ ಕೆಂಪಯ್ಯನ ಹೆಂಡತಿಯ ದನಿ ಬಂತು, "ಬೆಳಿಗ್ಬೆಳಿಗ್ಗೆ ಯಾರ್ ಮಖ ನೋಡ್ಬೇಕು ಅಂತ ಇಲ್ವಾ?"

ಅವನ ಜೇಬು. ಅದನ್ನು ಅವನಿಗೆ ಹೊಲಿಸಿಕೊಟ್ಟವನು ಈ ಕೆಂಪಯ್ಯನೇ ಅಲ್ಲವೆ? ಕಾರ್ಡಿಗೆ ಫೋನ್ ನಂಬರು ಜೋಡಿಸಲೇಬೇಕೆಂದು ಆಜ್ಞೆಯಾದ ವರ್ಷ, ಕಂಪ್ಯೂಟರಿನ ಮುಂದೆ ಕೂತವನು ನಂಬರ್ ಹೇಳಿ ಎಂದಾಗ ಕೆಂಪಯ್ಯ ತಲೆ ಕೆರೆದುಕೊಂಡು, ನಮ್ ನಂಬ್ರು ತಿಂಗಳಿಗೊಂದ್ ಸಲ ಸಾಯ್ತದೆ, ಕರೆನ್ಸಿ ಹಾಕ್ದಾಗ ಬದುಕ್ತದೆ, ಅಯ್ನೋರ್ದೇ ಬರ್ಕಳಿ ಸ್ವಾಮಿ, ನಮ್ ಕಾಗದ ಎಲ್ಲ ಅವ್ರ ಕೈಮೇಲೇ ತಾನೆ ಬಂದಿರೋದು ಎಂದಿದ್ದ. ಆ ಮಾತಿಗೆ ಅಡವಯ್ಯನ ಬೆನ್ನು ನೆಟ್ಟಗಾಗಿತ್ತು. ಅಂಚೆಯ ಚೀಲ ಒಪ್ಪಿಸಿ ನಿವೃತ್ತನಾಗಿ ಬಂದಂದಿನಿಂದ ಬೀದಿ ಅವನನ್ನು ಕಾಯುವುದನ್ನು ಮರೆತಿತ್ತು. ಈಗ ಮತ್ತೆ ಕಾಯತೊಡಗಿತು. ಒಂದು ಮನೆಯದು ಎರಡಾಯಿತು, ಎರಡು ಹತ್ತಾಯಿತು, ಹುಣಸೆಹಣ್ಣು ಬಡಿದು ಬಡಿದು ಹೆಬ್ಬೆಟ್ಟಿನ ಗೆರೆ ಸವೆದ ಹೆಂಗಸರೆಲ್ಲ ಅವನ ನಂಬರನ್ನೇ ಬರೆಸಿದರು. ಸೊಸೈಟಿಯ ಮಿಷನ್ನು ಹೆಬ್ಬೆಟ್ಟನ್ನು ಒಪ್ಪದೆ ಹೋದಾಗ ಓಟಿಪಿಯೆಂಬ ಆರಂಕಿಯ ಗುಟ್ಟು ಅವನ ಜೇಬಿಗೆ ಬರುವುದು. ಅವನು ಅದನ್ನು ಹಿಂದೆ ಕಾಗದ ಒಯ್ಯುತ್ತಿದ್ದ ಹೆಜ್ಜೆಯಲ್ಲೇ ಒಯ್ಯುವುದು. ಸೊಸೈಟಿ ಊರ ಆ ತುದಿಗೆ, ಗುಟ್ಟಿನ ಆಯಸ್ಸು ಎರಡು ನಿಮಿಷ. ಅವನು ತಲುಪುವ ಮೊದಲೇ ಅದು ಸತ್ತಿರುತ್ತಿತ್ತು. ಕೊನೆಗೆ ಊರೇ ಉಪಾಯ ಕಂಡುಕೊಂಡಿತು. ಅವನು ತನ್ನ ಮಾಳಿಗೆ ಹತ್ತಿ ನಾಲ್ಕು, ಒಂಬತ್ತು, ಸೊನ್ನೆ ಎಂದು ಕೂಗಿದರೆ ಮುಂದಿನ ಮಾಳಿಗೆಯವಳು ಅದನ್ನು ಹಿಡಿದು ಅದರಾಚೆಯ ಮಾಳಿಗೆಗೆ ಎಸೆಯುವಳು, ಹೀಗೆ ಸರ್ಕಾರದ ಗುಟ್ಟು ಬಾಯಿಂದ ಬಾಯಿಗೆ, ಕಾಗೆಗಳನ್ನೆಬ್ಬಿಸುತ್ತ, ಊರುದ್ದಕ್ಕೂ ಹಾರಿ ಸೊಸೈಟಿಯ ತಕ್ಕಡಿಯ ಮುಂದೆ ಇಳಿಯುವುದು. ಯಾರಿಗೂ ಹೇಳಬೇಡಿ ಎಂದು ಅದರ ಕೆಳಗೇ ಬರೆದಿರುತ್ತಿತ್ತು. ಅದನ್ನೂ ಅವನು ಒಮ್ಮೆ ಮಾಳಿಗೆಯಿಂದ ಓದಿ ಹೇಳಿ ಎಲ್ಲರನ್ನೂ ನಗಿಸಿದ್ದ. ಆಗ ಸರ್ಕಾರ ಎಂದರೆ ಯಾರಿಗೂ ಹೆದರಿಕೆ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ಇದ್ದದ್ದು ಅಡವಯ್ಯನ ಗಂಟಲಿನ ಮೇಲೆ.

ಆಮೇಲೆ, ಕಾರ್ಡುಗಳು ನಿಲ್ಲುವ ಮೊದಲಿನ ಆ ಒಂದು ಬೆಳಿಗ್ಗೆ. ಅದನ್ನು ಮುಟ್ಟದೆ ಬಳಸಿಕೊಂಡು ಹೋಗಲು ಅವನ ಮನಸ್ಸು ಕಲಿತಿದ್ದರೂ ಕಾಲು ಕಲಿತಿರಲಿಲ್ಲ. ಶಾಲೆಯ ದಾರಿ ರಂಗೇಶನ ಕಟಿಂಗ್ ಅಂಗಡಿಯ ಮುಂದೆಯೇ ಹೋಗುತ್ತದೆ. ಆ ದಿನ ಅಂಗಡಿಯ ಕನ್ನಡಿಯಲ್ಲಿ ಅವನ ಅರ್ಧ ಮುಖಕ್ಕೆ ನೊರೆ ಹಚ್ಚಿತ್ತು. ಪಕ್ಕದ ಬೆಂಚಿನಲ್ಲಿ ಕೆಂಪಯ್ಯ ತನ್ನ ಸರದಿಗೆ ಕಾಯುತ್ತಿದ್ದ. ಫೋನು ಟಣ್ ಎಂದಿತು; ಸುಮ್ಮನಾಗುವಷ್ಟರಲ್ಲಿ ಮತ್ತೆ ಟಣ್, ಮತ್ತೆ ಟಣ್; ರಂಗೇಶ ಕತ್ತಿಯನ್ನು ಕೆನ್ನೆಯಿಂದೆತ್ತಿ ಹಿಡಿದು ನಿಂತ. ಇಪ್ಪತ್ತಮೂರು ಸಲ. ತೆರೆದು ನೋಡಿದರೆ ಎಲ್ಲವೂ ಒಂದೇ ಅಚ್ಚಿನವು, ಎಲ್ಲವೂ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಅಕ್ಷರಗಳು ಅವನಿಗೆ ಗೊತ್ತಿದ್ದವು. ಊರ ಹೆಸರು, ಮನುಷ್ಯರ ಹೆಸರು, ಪಿನ್ ಕೋಡು, ಇವಿಷ್ಟನ್ನು ಅವನು ದೂರದಿಂದಲೇ ಗುರುತಿಸಬಲ್ಲ. ಆದರೆ ಅಕ್ಷರಗಳು ಹೆಸರಾಗಿ ನಿಲ್ಲದೆ ವಾಕ್ಯವಾಗಿ ಓಡತೊಡಗಿದರೆ ಅವನು ರೈಲಿನ ಹೊರಗೆ ನಿಂತವನಂತೆ. ಇದು ಊರಿಗೆ ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಗೊತ್ತಾಗಗೊಟ್ಟಿರಲಿಲ್ಲ. ಆ ಸಾಲುಗಳ ನಡುವೆ ಒಂದು ಮಾತು ಅವನಿಗೆ ಸಿಕ್ಕಿತು: ಡೇಟ್. ಅದರ ಪಕ್ಕದಲ್ಲಿ ಒಂದು ತಾರೀಖು, ಹದಿನೈದು ದಿನ ಮುಂದಿನದು. ಜೀವಮಾನವೆಲ್ಲ ಮುದ್ರೆಯೊತ್ತಿದ ಕೈಗೆ ಅಷ್ಟು ಸಾಕಿತ್ತು. ಏನೋ ಒಂದು ಮುಗಿಯಲಿದೆ ಎಂದು ತಿಳಿಯಿತು. ಕೆಂಪಯ್ಯ ಕತ್ತು ಚಾಚಿ, "ಏನಂತೆ ಅಯ್ನೋರೆ?" ಎಂದು ಕೇಳಿದ. ಕನ್ನಡಿಯಲ್ಲಿ ಮೂರು ಮುಖಗಳು ಅವನನ್ನೇ ನೋಡುತ್ತಿದ್ದವು, ಒಂದು ಅವನದೇ. "ಏನಿಲ್ಲ ಬುಡು, ಕಂಪ್ನಿಯೋರು ರೀಚಾರ್ಜ್ ಮಾಡಿ ಅಂತ ಬಡ್ಕೊತಾವ್ರೆ" ಎಂಬ ಮಾತು ತುಟಿಯಿಂದ ಉದುರಿದಾಗ ಅದು ಸುಳ್ಳೆಂದು ಅವನಿಗೆ ಅನಿಸಲೇ ಇಲ್ಲ, ನೊರೆ ಒರೆಸಿಕೊಂಡಷ್ಟು ಸಹಜವಾಗಿತ್ತು. ಮನೆಗೆ ಹೋಗಿ ಲೋಹಿತಾಳಿಗೆ ತೋರಿಸಿದ್ದರೆ ಒಂದು ನಿಮಿಷದ ಕೆಲಸ. ಎರಡು ಸಲ ಫೋನು ಹಿಡಿದು ಅಡಿಗೆಮನೆಯ ಹೊಸಿಲವರೆಗೆ ಹೋದ. ಅವಳು ನೋಡುವ ಆ ಮೆಲ್ಲನೆಯ ನೋಟವನ್ನು ನೆನೆದು, ಉಪ್ಪಿದೆಯೇನಮ್ಮ ಎಂದು ಕೇಳಿ ವಾಪಸ್ಸು ಬಂದ. ಸಂದೇಶಗಳು ಇನ್ನೆರಡು ಸಲ ಬಂದವು, ಪ್ರತಿ ಸಲ ಇಪ್ಪತ್ತಮೂರು. ಮೂರನೆಯ ಸಲ ಎಲ್ಲವನ್ನೂ ಒಟ್ಟಿಗೆ ಅಳಿಸಿದ. ಅಳಿಸಿದ ಮೇಲೆ ಆ ತಾರೀಖು ಮಾತ್ರ ಅಳಿಯದೆ ಒಳಗೆ ಉಳಿಯಿತು, ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಎನ್ನೋಣವೆಂದರೆ ಅವನು ಮೀನು ತಿಂದವನಲ್ಲ.

ಆ ತಾರೀಖಿನ ಮಾರನೆಯ ದಿನ ಕಾರ್ಡುಗಳು ಸತ್ತವು. ಒಂದೇ ನಂಬರಿಗೆ ಇಪ್ಪತ್ತಮೂರು ಕಾರ್ಡು, ದಲ್ಲಾಳಿ ನಂಬರು ಅಂತ ಕಂಪ್ಯೂಟರ್ ಹಿಡಿದುಹಾಕಿದೆ ಎಂದ ಸೊಸೈಟಿಯವನು. ದಲ್ಲಾಳಿ. ಆ ಮಾತು ಮಾಳಿಗೆಯಿಂದ ಮಾಳಿಗೆಗೆ ಹಾರಿತು. ಮೆಸೇಜು ಕಳಿಸಿದ್ದರಂತಲ್ಲ ಎಂದು ಕೇಳಿದವರಿಗೆಲ್ಲ ಅಡವಯ್ಯ, ನನಗೆ ಯಾವುದೂ ಬಂದಿಲ್ಲ, ಕರಡಿಗೆ ಮುಟ್ಟಿ ಹೇಳಲೇ ಎಂದ. ಯಾರೂ ಮುಟ್ಟಲು ಹೇಳಲಿಲ್ಲವೆಂಬುದೊಂದೇ ಅವನ ಪುಣ್ಯ. ಲೋಹಿತಾ ಅವನ ಫೋನಿನಲ್ಲಿ ದೂರು ಹಾಕಿಕೊಟ್ಟಳು. ಎಂಟು ದಿನಕ್ಕೆ ಕನ್ನಡದಲ್ಲೇ ಉತ್ತರ ಬಂತು: ತಮ್ಮ ದೂರು ಇತ್ಯರ್ಥವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಏನೂ ಇತ್ಯರ್ಥವಾಗಿರಲಿಲ್ಲ. ಆದರೆ ಸರ್ಕಾರ ಕೈ ಚಾಚಿ ಕೇಳುತ್ತಿರುವಾಗ ಇಲ್ಲವೆನ್ನುವುದು ಹೇಗೆ? ಹಿರಿಯರೊಬ್ಬರು ಊಟ ಹೇಗಿತ್ತೆಂದು ಕೇಳಿದರೆ ಉಪ್ಪಿಲ್ಲ ಎನ್ನುವುದುಂಟೆ? ಕಡಿಮೆ ಕೊಟ್ಟರೆ ಸಿಟ್ಟಾಗಿ ಕಾರ್ಡುಗಳನ್ನು ಇನ್ನಷ್ಟು ಆಳಕ್ಕೆ ಹೂತಾರು ಎಂಬ ಭಯದಿಂದ, ಇರುವ ಐದನ್ನೂ ಒಂದೊಂದಾಗಿ ಒತ್ತಿ ಕೊಟ್ಟ. ಹಳದಿಯಾಗಿ ಹೊಳೆದವು. ಧನ್ಯವಾದ ಎಂದಿತು ಫೋನು. ಅಲ್ಲಿಗೆ ದೂರು ಮುಗಿದುಹೋಯಿತು.

ಶಾಲೆಯ ಹೊಂಗೆಮರದ ಕೆಳಗೆ ಜೀಪು ಬಂದು ನಿಂತಿತ್ತು. ಅಧಿಕಾರಿ ಶಿವರಂಜನಿ ಎಂಬ ಹೆಣ್ಣುಮಗಳು, ಮೂವತ್ತು ದಾಟಿರಲಾರದು, ಮಕ್ಕಳ ಮೇಜೊಂದರ ಮೇಲೆ ದೊಡ್ಡ ಫೋನನ್ನು ಒರಗಿಸಿಟ್ಟುಕೊಂಡು, ಸಿಗ್ನಲ್ಲಿಗಾಗಿ ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದಳು. ಇಪ್ಪತ್ತಮೂರು ಮನೆಯವರೂ ಗೋಡೆಗೊರಗಿ ನಿಂತಿದ್ದರು. ಅಡವಯ್ಯ ಬರುತ್ತಿದ್ದಂತೆ ಅವನ ಸುತ್ತ ನೆಲ ಖಾಲಿಯಾಯಿತು. ಅವನಿಗೆ ಕುರ್ಚಿ ಕೊಡುವ ಹಳೆಯ ರೂಢಿಯಂತೆ ಯಾರೋ ಒಂದನ್ನು ಎಳೆಯಹೋಗಿ, ನೆನಪಾಗಿ, ಅಲ್ಲೇ ಕೈಬಿಟ್ಟರು. ಈ ಫೋನು ಎರಡೇ ಕಾರಣ ಒಪ್ಪುತ್ತದೆ ಎಂದು ಶಿವರಂಜನಿ ಎಲ್ಲರಿಗೂ ಕೇಳುವಂತೆ ಓದಿದಳು. ಒಂದು: ಫಲಾನುಭವಿಯೇ ತಿಳಿದೂ ಅನ್ಯರ ಸಂಖ್ಯೆ ನೀಡಿದ್ದಾರೆ. ಎರಡು: ಫಲಾನುಭವಿಯ ಅರಿವಿಗೆ ಬಾರದೆ ಅನ್ಯರು ತಮ್ಮ ಸಂಖ್ಯೆ ಜೋಡಿಸಿಕೊಂಡಿದ್ದಾರೆ. ಒಂದನ್ನು ಒತ್ತಿದರೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕಾರ್ಡು ರದ್ದು. ಎರಡನ್ನು ಒತ್ತಿದರೆ ಕಾರ್ಡು ಚಾಲ್ತಿ. ನಂಬರಿನವರು ತಪ್ಪೊಪ್ಪಿಗೆಗೆ ಸಹಿ ಹಾಕಬೇಕು, ಅವರ ಹೆಸರು ದಲ್ಲಾಳಿಗಳ ಪಟ್ಟಿಗೆ ಹೋಗುತ್ತದೆ, ಪಂಚಾಯಿತಿ ಬೋರ್ಡಿಗೂ ಅಂಟುತ್ತದೆ.

"ಮೂರನೇದು ಇಲ್ವಾ ತಾಯಿ?" ಎಂದ ಅಡವಯ್ಯ. "ಅವ್ರೂ ತಪ್ಪು ಮಾಡಿಲ್ಲ, ನಾನೂ ಕದ್ದಿಲ್ಲ ಅಂತ..."

"ಇದ್ರೆ ಒತ್ತುತಿರ್ಲಿಲ್ವಾ ಯಜಮಾನ್ರೆ? ನಾನೇನ್ ಮಾಡಿದ್ದಾ ಇದನ್ನ?" ಅವಳು ಫೋನಿನಲ್ಲೇ ಏನನ್ನೋ ಹುಡುಕಿ, "ಅಡವಯ್ಯ ಅಂದ್ರೆ ನೀವೇ ಅಲ್ವಾ? ದೂರು ಕೊಟ್ಟು, ಆಮೇಲೆ ಐದಕ್ಕೆ ಐದು ನಕ್ಷತ್ರನೂ ಕೊಟ್ಟಿದೀರ. ಪೂರ್ತಿ ತೃಪ್ತಿ ಅಂತ ಇದೆ ಇಲ್ಲಿ. ಇಷ್ಟು ತೃಪ್ತಿ ಇದ್ದೋರ ಮನೆ ಬಾಗ್ಲಿಗೆ ನಮ್ಮನ್ನ ಯಾಕ್ ಕಳಿಸ್ತಾರೋ" ಎಂದಳು.

ಗೋಡೆಯುದ್ದಕ್ಕೂ ನಗು ಎದ್ದಿತು. "ನಮ್ ಒಟ್ಟೆ ಉರೀತಿದ್ರೆ ಅಯ್ನೋರು ಸ್ಟಾರ್ ಕೊಡ್ತಾ ಕೂತಿದ್ರಂತೆ ಕಣ್ಲಾ!" ಎಂದ ಕೆಂಪಯ್ಯ. ಅವನ ಸರದಿಯೇ ಮೊದಲಿನದು. ಒಂದೋ ಎರಡೋ ಎಂದು ಕೇಳಿದಾಗ ಅವನು ಹೊಂಗೆಮರದ ತುದಿಯನ್ನು ನೋಡಿದ, ಹೆಗಲ ಟವಲು ತೆಗೆದು ಮತ್ತೆ ಅದೇ ಹೆಗಲಿಗೆ ಹಾಕಿದ, "ಎಲ್ಡು" ಎಂದ. ಫೋನು ಅವನ ಮುಖ ನೋಡಿತು, ಕಣ್ಣು ಮಿಟುಕಿಸಿ ಎಂದಿತು, ಹಸಿರು ಗುರುತು ತೋರಿಸಿತು. ಆಮೇಲೆ ಸುಲಭವಾಯಿತು. ಎಲ್ಡು, ಎಲ್ಡು, ಎಲ್ಡು ಎಂದು ಗೋಡೆ ಕರಗತೊಡಗಿತು. ಅಡವಯ್ಯನಿಗೆ ಆಶ್ಚರ್ಯವಾದದ್ದು ತನಗೆ ನೋವಾಗದಿದ್ದುದರಿಂದ. ಪ್ರತಿಯೊಂದು ಸುಳ್ಳೂ ಬಂದು ತನ್ನೊಳಗಿನ ಆ ನಿಜದ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿ ಹೋಗುತ್ತಿತ್ತು. ಇವರು ಸುಳ್ಳು ಹೇಳಿ ತನ್ನನ್ನು ಕಳ್ಳನನ್ನಾಗಿ ಮಾಡಿದ ಮೇಲೆ, ಹೇಡಿ ಎಂಬುದನ್ನು ಯಾರು ಹುಡುಕಿಯಾರು? ಕಳ್ಳತನದ ಅಪವಾದ ಹೊತ್ತು ಸಾಯುವುದರಲ್ಲಿ ಒಂದು ಗತ್ತಿದೆ. ಮಾಡದ ತಪ್ಪಿಗೆ ಊರಿಗಾಗಿ ಸಹಿ ಹಾಕಿದ ಎಂದು ಮುಂದೆ ಯಾವಾಗಲಾದರೂ ಯಾರಾದರೂ ಹೇಳಬಹುದು. ಹೀಗೆ ಯೋಚಿಸುತ್ತಿದ್ದ ತನ್ನನ್ನು ತಾನೇ ಕಂಡು ಅವನಿಗೆ ಹೇಸಿಗೆಯೆನಿಸಿತು.

ಇಪ್ಪತ್ತಮೂರನೆಯವಳು ಗಂಗಲಕ್ಷ್ಮಮ್ಮ. ಗಂಡನಿಲ್ಲದವಳು, ಮಗಳು ಆಶಾರಾಣಿಗೆ ಮೂರ್ಛೆ ರೋಗ, ತುಮಕೂರಿನಲ್ಲಿ ತಲೆಯ ಸ್ಕ್ಯಾನಿಂಗ್ ಆಗಬೇಕಿತ್ತು, ಕಾರ್ಡು ತೋರಿಸಿದರೆ ಬಿಟ್ಟಿ, ಇಲ್ಲದಿದ್ದರೆ ಅವಳ ಕೈಗೆ ಎಟುಕದ್ದು. ಮೂರು ತಿಂಗಳಲ್ಲಿ ಊರಿನಲ್ಲಿ ಅಡವಯ್ಯನ ಮನೆಗೆ ಬಂದು ನೀರು ಕುಡಿದವಳು ಅವಳೊಬ್ಬಳೇ. ಆ ನೀರಿನ ಲೋಟವನ್ನು ಅವಳಿಗೆ ಕೊಡುವಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ.

"ಒಂದು" ಎಂದಳು ಗಂಗಲಕ್ಷ್ಮಮ್ಮ.

"ಅಮ್ಮಾ, ಒಂದು ಅಂದ್ರೆ ನಿಮ್ ಕಾರ್ಡು ಹೋಗುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು ಕಣಮ್ಮ. ನಾನೇ ಓಗಿ ಅವ್ರ ಬಾಗ್ಲಾಗೆ ನಿಂತ್ಕಂಡು ನಿಮ್ ನಂಬ್ರು ಕೊಡಿ ಅಂದಿದ್ದು. ಅವ್ರೇನ್ ಕದ್ರಾ?"

"ಏ ಗಂಗಲಕ್ಷ್ಮಿ, ಎಲ್ಡು ಅನ್ನೇ," ಗುಂಪಿನಿಂದ ಕೂಗು ಬಂತು, "ಅಂದ್ರೆ ಬಾಯೇನ್ ಸವೀತದಾ?"

"ಸುಳ್ಳು ಯೋಳಿ ಅಕ್ಕಿ ಉಣ್ಣೋದು ನೀವು ಕಲ್ತಿದೀರ. ಉಣ್ಣಿ."

"ಅವ್ರಿಗೆ ಮೂರ್ ಮೂರ್ ಸಲ ಮೆಸೇಜ್ ಹೋಗಿದೆ," ಎಂದಳು ಶಿವರಂಜನಿ, ಬೇಸರದಿಂದಲ್ಲ, ಇನ್ನೂ ನಾಲ್ಕು ಊರು ನೋಡಬೇಕಾದವಳ ಅವಸರದಿಂದ. "ಓದಿ ನಿಮಗೆ ಹೇಳಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ."

"ನಿಮ್ ಮಿಷನ್ ಸುಳ್ಳು ಯೋಳ್ತದೆ. ನಮ್ ಯಜಮಾನ್ರು ಬಳ್ಳಾರಿ ಕಡೆ ಗಣಿನಾಗೆ ಕಲ್ಲು ಬಿದ್ದು ತೀರ್ಕಂಡಾಗ ತಂತಿ ತಂದೋರು ಇವ್ರೇ. ನಾನು ಉಣ್ತಾ ಕೂತಿದ್ದೆ. ಮೊದ್ಲು ಉಂಡ್ಕಳಮ್ಮ, ಆಮ್ಯಾಕೆ ಓದ್ತೀನಿ ಅಂತಂದು ಮರದ ತಾವ ಓಗಿ ನಿಂತ್ಕಂಡ್ರು. ಉಂಡು ಕೈ ತೊಳ್ದ್ ಮ್ಯಾಲೇ ಓದಿದ್ದು. ಆ ತುತ್ತು ನನ್ ಒಟ್ಟೇಲಿ ಇಲ್ದೆ ಇದ್ದಿದ್ರೆ ಅವತ್ತು ನಾನೂ ಓಗ್ತಿದ್ದೆ, ಒಟ್ಟೇಲಿದ್ದ ಈ ಆಶಾನೂ ಓಗ್ತಿದ್ಲು. ಅಂತಾ ಮನ್ಸ, ಮೆಸೇಜು ಬಂದಿದ್ರೆ ನನಗೆ ಯೋಳ್ದೆ ಇರ್ತಿದ್ರಾ? ಒಂದು ಅಂತ ಒತ್ತಮ್ಮ ನೀನು."

ಶಿವರಂಜನಿಯ ಬೆರಳು ಫೋನಿನ ಮೇಲೆ ಬಂತು. ಅಡವಯ್ಯನಿಗೆ ಆ ಬೆರಳೊಂದೇ ಕಂಡಿತು, ಉಗುರಿನ ಮೇಲೆ ಅರ್ಧ ಎದ್ದುಹೋದ ಕೆಂಪು ಬಣ್ಣ. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಈ ಲೋಕದಲ್ಲಿ ಒಬ್ಬಳ ಕಣ್ಣಿನಲ್ಲಾದರೂ ಅವನು ಉಳಿಯುತ್ತಿದ್ದ. ಇಪ್ಪತ್ತೈದು ವರ್ಷದಿಂದ ಬಿಸಿಲಿಗೂ ಮಳೆಗೂ ಅವನಿಗೆ ಗೊತ್ತಿಲ್ಲದಂತೆ ಅವಳು ಅವನ ಮೇಲೆ ಹೊದಿಸಿದ್ದ ಆ ನಂಬಿಕೆಯ ಸೂರು ಉಳಿಯುತ್ತಿತ್ತು. ಅದರ ಬೆಲೆ ಅವಳ ಮಗಳ ತಲೆ.

"ಮೆಸೇಜು ಬಂದಿತ್ತು" ಎಂದ.

ಬೆರಳು ನಿಂತಿತು. "ಬಂದಿತ್ತು ಕಣಮ್ಮ ಗಂಗಲಕ್ಷ್ಮಿ. ಮೂರು ಸಲ. ಇಂಗ್ಲಿಷ್‌ನಾಗೆ ಇತ್ತು. ನನಗೆ ಓದೋಕೆ ಬರ್ಲಿಲ್ಲ. ಬರಲ್ಲ ಅಂತ ಯಾರ ತಾವನೂ ಅನ್ನೋಕಾಗ್ಲಿಲ್ಲ. ಅಳಿಸ್ಬುಟ್ಟೆ." ಕೆಂಪಯ್ಯನ ಬಾಯಿ ತೆರೆದದ್ದು ಅವನಿಗೆ ಕಂಡಿತು. ಇಲ್ಲಿಗೆ ನಿಲ್ಲಿಸಿದರೆ ಅವಳು ಈಗಲೂ ಒಂದನ್ನೇ ಒತ್ತಿಸಿಯಾಳೆಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಆ ಮುಖದಲ್ಲಿ ಆಗಲೇ ಕ್ಷಮೆ ಏಳುತ್ತಿತ್ತು, ಓದೋಕೆ ಬರದೋರು ನಾವೆಲ್ಲ ಇಲ್ವಾ ಎಂಬಂಥದ್ದು. ಅದನ್ನು ಕಂಡು ಅವನಿಗೆ ಭಯವಾಯಿತು. "ಅವತ್ತಿನ ತಂತಿನೂ ಇಂಗ್ಲಿಷ್‌ನಾಗೇ ಇತ್ತು," ಎಂದ. "ಉಂಡ್ಕ ಅಂದಿದ್ದು ನಿನ್ ಮೇಲಿನ ಕನಿಕರಕ್ಕಲ್ಲ. ನಂಗೆ ಓದೋಕೆ ಬರ್ಲಿಲ್ಲ. ಮರದ ತಾವ ನಿಂತ್ಕಂಡು ಯಾರಾದ್ರೂ ಬತ್ತಾರಾ ಅಂತ ಕಾಯ್ತಿದ್ದೆ. ಮೇಷ್ಟ್ರು ಸೈಕಲ್‌ನಾಗೆ ಬಂದು ಓದೋವರ್ಗೂ, ಯಾರ್ ಸತ್ತವ್ರೆ ಅಂತ ನಂಗೇ ಗೊತ್ತಿರ್ಲಿಲ್ಲ."

ಜೀಪಿನ ಡ್ರೈವರು ಸೀಟಿನಲ್ಲಿ ಹೊರಳಿದ ಸದ್ದು ಕೇಳಿಸಿತು. ಗಂಗಲಕ್ಷ್ಮಮ್ಮ ಅವನನ್ನು ನೋಡುತ್ತಿರಲಿಲ್ಲ. ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು.

"ಅಂಗಾದ್ರೆ ನಾ ಉಂಡಿದ್ದು?" ಎಂದಳು.

ಉತ್ತರಕ್ಕೆ ಅವಳು ಕಾಯಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಜಿನ ಕಡೆಗೆ ತಿರುಗಿ, "ಎಲ್ಡ್ನೇದು ಒತ್ತಮ್ಮ" ಎಂದಳು.

ಶಿವರಂಜನಿ ಒತ್ತಿದಳು. ತಪ್ಪೊಪ್ಪಿಗೆ ಅದೇ ಫೋನಿನಲ್ಲಿ ಮೂಡಿತು, ಇಂಗ್ಲಿಷಿನಲ್ಲಿ, ಒತ್ತೊತ್ತಾಗಿ ಒಂದು ಪುಟ. ಓದಿಕೊಂಡು ಬೆರಳಲ್ಲೇ ಸಹಿ ಮಾಡಿ ಎಂದು ಅಡವಯ್ಯನ ಕೈಗೆ ಕೊಟ್ಟಳು. ಅವನು ಅದನ್ನು ಮೊಳದ ದೂರಕ್ಕೆ ಹಿಡಿದ. ಊರೆಲ್ಲ ನೋಡುತ್ತಿತ್ತು, ಈಗ ಊರಿಗೆಲ್ಲ ಗೊತ್ತಿತ್ತು, ಆದರೂ ಅವನ ಹುಬ್ಬು ತಾನಾಗಿಯೇ ಗಂಟಿಕ್ಕಿತು, ಕಣ್ಣು ಎಡದಿಂದ ಬಲಕ್ಕೆ ಸಾಲು ಸಾಲಾಗಿ ಚಲಿಸಿತು, ಪುಟದ ಕೊನೆಗೆ ಬಂದಾಗ ಅವನು ಮೆಲ್ಲಗೆ ತಲೆದೂಗಿದ. ಹಿಂದಿನಿಂದ ಯಾರೋ ಹೆಂಗಸು ಕಿಸಕ್ಕೆಂದಳು. ಅವನು ಸಹಿ ಹಾಕಿದ.

ಆಮೇಲೆ ಫೋನನ್ನು ಗಂಗಲಕ್ಷ್ಮಮ್ಮನ ಮುಖಕ್ಕೆ ಹಿಡಿದರು. ಕಣ್ಣು ಮಿಟುಕಿಸಿ ಎಂದಿತು ಅದು. ಅವಳು ಮಿಟುಕಿಸಲಿಲ್ಲ. ಫೋನಿನ ಮೇಲಂಚಿನಾಚೆಗೆ ಅಡವಯ್ಯನನ್ನು ನೋಡುತ್ತಿದ್ದಳು, ಮೊದಲ ಸಲ ನೋಡುವವಳಂತೆ. ಕಣ್ಣು ಮಿಟುಕಿಸಿ, ಕಣ್ಣು ಮಿಟುಕಿಸಿ. "ಮಿಟುಕ್ಸಮ್ಮಾ, ಇಲ್ಲಾಂದ್ರೆ ನೀವು ಫೋಟೋನೋ ಮನುಷ್ಯರೋ ಅದಕ್ಕೆ ಗೊತ್ತಾಗಲ್ಲ" ಎಂದಳು ಶಿವರಂಜನಿ. ಗಂಗಲಕ್ಷ್ಮಮ್ಮ ಕಣ್ಣು ಮುಚ್ಚಿದಳು. ಬಹಳ ಹೊತ್ತು ಮುಚ್ಚಿಯೇ ಇದ್ದಳು. ತೆರೆದಾಗ ಅವಳ ನೋಟ ಅವನ ಮೇಲಿರಲಿಲ್ಲ. ಹಸಿರು ಗುರುತು ಬಂತು.

ಪಟಾಲಮ್ಮ ಇಲ್ಲಿಗೆ ನಿಲ್ಲಿಸಿದಳು. ಕಟ್ಟೆಯ ಮೇಲಿದ್ದವರು ಇನ್ನೂ ಇದೆಯೆಂದು ಕಾದರು.

"ಆಮ್ಯಾಕೆ?" ಎಂದ ಒಬ್ಬ.

"ಆಮ್ಯಾಕೇನು? ಅಕ್ಕಿ ಬಂತು."

ತಿರುವಿನಲ್ಲಿ ಗಾಡಿಯ ದೀಪ ಕಂಡಿತು. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ಹಿಂಭಾಗದ ಧೂಳು ಕೊಡವಿಕೊಂಡು, ಕ್ಯಾನುಗಳನ್ನು ಗಾಡಿಗೇರಿಸಿ, ಅಡವಯ್ಯನ ಬಾಗಿಲ ಮುಂದಿನ ದಾರಿ ಹತ್ತಿರವಾದರೂ ಅದನ್ನು ಬಿಟ್ಟು, ಸುತ್ತು ಹಾದಿ ಹಿಡಿದು ತಂತಮ್ಮ ಮನೆಗೆ ಹೋದರು.